ನಾಯಿಯ ಪ್ರೀತಿಗೆ ಬಾಲ ಒಂದೇ ಸಾಕ್ಷಿ ಅಲ್ಲ

ನಮಸ್ಕಾರ. ಮುಧೋಳ ನಾಯಿ ಸಾಕಿದವರಲ್ಲಿ ಕೆಲವರು ಒಂದು ಮಾತು ಹೇಳುತ್ತಾರೆ, ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ‘ಚೆನ್ನಾಗಿ ಓಡುತ್ತೆ, ಮನೆ ಕಾಯುತ್ತೆ, ಆದ್ರೆ ಲ್ಯಾಬ್ರಡಾರ್ ಥರ ಪ್ರೀತಿ ಇಲ್ಲ ಕಣ್ರೀ’ ಅಂತ.

ಪ್ರೀತಿ ಇಲ್ಲ ಅಂತ ಹೇಗೆ ಗೊತ್ತಾಯಿತು? ಮೈಮೇಲೆ ಹಾರಲಿಲ್ಲ, ಮುಖ ನೆಕ್ಕಲಿಲ್ಲ, ಅಷ್ಟೇ ಅಲ್ವಾ?

ಮುಧೋಳ ಬೇಟೆಗೆ ಬೆಳೆದ ತಳಿ. ಹೊಸಬರು ಮುಟ್ಟಿದರೆ ಅದಕ್ಕೆ ಹಿಡಿಸುವುದಿಲ್ಲ. ಆದರೆ ನೀವು ಅಡುಗೆಮನೆಗೆ ಹೋದರೆ ಅದೂ ಎದ್ದು ಬಂದು ಬಾಗಿಲಲ್ಲಿ ಮಲಗುತ್ತದೆ, ಹಾಲ್‌ಗೆ ಬಂದರೆ ಅಲ್ಲಿಗೂ ಬರುತ್ತದೆ, ನಿಂತಿದ್ದರೆ ಸುಮ್ನೆ ಕಾಲಿಗೆ ಒರಗಿ ನಿಲ್ಲುತ್ತದೆ, ನೀವು ಬಿಚ್ಚಿಟ್ಟ ಬಟ್ಟೆಯ ಮೇಲೆ ಹೋಗಿ ನಿದ್ದೆ ಮಾಡುತ್ತದೆ. ಇದು ಪ್ರೀತಿ ಅಲ್ಲದೆ ಮತ್ತೇನು?

ಇನ್ನು ನೋಟ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿ ತನ್ನವರ ಕಣ್ಣನ್ನು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರಿತ್ತು. ತಾಯಿ ಮಗುವಿನ ನಂಟಿನಲ್ಲೂ ಕೆಲಸ ಮಾಡುವ ಹಾರ್ಮೋನು ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಅಂದರೆ ಮೂಲೆಯಲ್ಲಿ ಕೂತು ನಿಮ್ಮನ್ನೇ ಮೆತ್ತಗೆ ನೋಡುವ ನಾಯಿ ಬಿಸ್ಕತ್ತಿಗಾಗಿಯೇ ಕಾಯುತ್ತಿದೆ ಅಂದುಕೊಳ್ಳಬೇಡಿ.

ಬಾಲ ಅಲ್ಲಾಡಿದರೆ ಖುಷಿ ಅಂತಲೂ ಲೆಕ್ಕ ಹಾಕುವ ಹಾಗಿಲ್ಲ. ಬಾಲ ಸೆಟೆದು ಮೇಲೆದ್ದಿದ್ದರೆ, ಮೈಯೆಲ್ಲ ಬಿಗಿಯಾಗಿದ್ದರೆ, ಅಲ್ಲಾಡುತ್ತಿದ್ದರೂ ದೂರ ಇರುವುದೇ ಒಳ್ಳೆಯದು. ಸೊಂಟದ ಸಮೇತ ಸಡಿಲವಾಗಿ ಬಳುಕುತ್ತಿದ್ದರೆ ಅದು ಖುಷಿ.

ನನಗೆ ನಿಜವಾಗಲೂ ಸಿಟ್ಟು ಬರುವುದು ರೀಲ್ಸ್‌ಗೋಸ್ಕರ ನಾಯಿಯನ್ನು ಗಟ್ಟಿಯಾಗಿ ತಬ್ಬಿ ಹಿಡಿಯುವುದನ್ನು ನೋಡಿದಾಗ. ತಬ್ಬುವುದು ನಮ್ಮ ಭಾಷೆ. ಎಷ್ಟೋ ನಾಯಿಗಳಿಗೆ ಅದು ಸಿಕ್ಕಿಹಾಕಿಕೊಂಡ ಹಾಗೆ. ಆ ವಿಡಿಯೋಗಳಲ್ಲಿ ನಾಯಿಯ ಮುಖ ನೋಡಿ: ತುಟಿ ನೆಕ್ಕಿಕೊಳ್ಳುತ್ತದೆ, ಮುಖ ಆ ಕಡೆ ತಿರುಗಿಸುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ. ಸಾಕು ಬಿಡಿ ಅಂತ ಅದು ಕೇಳಿಕೊಳ್ಳುತ್ತಿದೆ, ಕೆಳಗೆ ಕಾಮೆಂಟಲ್ಲಿ ಜನ ಹಾರ್ಟ್ ಒತ್ತುತ್ತಿದ್ದಾರೆ!

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ನೆಲದ ಮೇಲೆ ಕೂತುಕೊಳ್ಳಿ, ಕರೆಯಬೇಡಿ. ತಾನಾಗಿ ಬಂದರೆ ಎದೆಯ ಹತ್ತಿರ ಸ್ವಲ್ಪ ಸವರಿ, ಕೈ ತೆಗೆಯಿರಿ. ಇನ್ನೂ ಬೇಕು ಅನ್ನುವ ಹಾಗೆ ಮೂತಿಯಿಂದ ಕೈ ತಟ್ಟಿದರೆ ಮತ್ತೆ ಸವರಿ. ಎದ್ದು ಹೋದರೆ ಹೋಗಲಿ, ಹಿಂದೆ ಹೋಗಬೇಡಿ.