ಅಂದಾಜು ಒಬ್ಬರದು, ಅಳತೆ ಎಲ್ಲರದು

ಮಿತ್ರರೇ,

ರಜೆಯ ದಿನಗಳು ಹತ್ತಿರ ಬಂದಿವೆ. ಯಾರ್ಯಾರು ಬರುತ್ತಾರೆ, ಬೆಣ್ಣೆ ಎಷ್ಟು ತರಬೇಕು ಎಂದು ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಲೆಕ್ಕ ಹಾಕುತ್ತ ಕೂತಿದ್ದೀರಿ. ಹಾಗಾಗಿ ಮನೆಯಲ್ಲಿ ಬೇಯಿಸಿ ತಿನ್ನುವುದು ಏಕೆ ಒಳ್ಳೆಯದು ಎಂದು ನಿಮಗೆ ಹೇಳಲು ನಾನು ಬಂದಿಲ್ಲ. ಅದು ಗೊತ್ತಿರುವವರೇ ಇಲ್ಲಿ ಸೇರಿದ್ದೀರಿ. ಬಹಳ ದಿನದಿಂದ ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಬೇರೆ. ಹಬ್ಬದ ದಿನ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಒಬ್ಬರು ಮಾತ್ರ ಓವನ್ನಿನ ಮುಂದೆ ನಿಂತೇ ಇರುತ್ತಾರಲ್ಲ, ಅವರು ಯಾಕೆ ನಿಂತಿದ್ದಾರೆ?

ಪ್ರೀತಿಗೆ ಎನ್ನುತ್ತೇವೆ. ಪ್ರೀತಿ ಖಂಡಿತ ಇದೆ. ಆದರೆ ಆ ಅಡುಗೆ ಅವರೊಬ್ಬರ ಕೈಯಲ್ಲಿ ಮಾತ್ರ ಇದೆ ಎಂಬುದೂ ಅಷ್ಟೇ ನಿಜ. ಎಲ್ಲೂ ಬರೆದಿಲ್ಲ, ಯಾರೂ ತೂಗಿಲ್ಲ. 'ಅವರ ಕೈರುಚಿ ಬೇರೆ ಯಾರಿಗೂ ಬರಲ್ಲ' ಎಂದು ಹೊಗಳಿ ಹೊಗಳಿಯೇ ಅವರನ್ನು ಅಲ್ಲಿ ನಿಲ್ಲಿಸಿದ್ದೇವೆ. ಅದಕ್ಕೇ ಹೇಳುತ್ತೇನೆ: ತೂಗಿ, ಬರೆದಿಡಿ. ಇವತ್ತು ಈ ಮಾತು ನಾಲ್ಕಾರು ಸಲ ಬರುತ್ತದೆ, ಸಹಿಸಿಕೊಳ್ಳಿ.

ಬಟ್ಟಲಲ್ಲಿ ಅಳೆಯುತ್ತೇವಲ್ಲ, ಸಾಲದೇ ಎಂದು ಕೇಳುವವರಿದ್ದಾರೆ. ಒಂದೇ ಅಳತೆಯ ಕಪ್ಪನ್ನು ಇಬ್ಬರ ಕೈಗೆ ಕೊಟ್ಟು ನೋಡಿ. ಒಬ್ಬರು ಹಿಟ್ಟನ್ನು ಚಮಚದಿಂದ ಹಗುರವಾಗಿ ಸುರಿದು ಮೇಲೆ ಸಮ ಮಾಡುತ್ತಾರೆ, 120 ಗ್ರಾಂ ಆಸುಪಾಸು ಬರುತ್ತದೆ. ಇನ್ನೊಬ್ಬರು ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ, ಒತ್ತಿ ತೆಗೆಯುತ್ತಾರೆ, 150 ಗ್ರಾಂ ಆದರೂ ಆಗಿಬಿಡುತ್ತದೆ. ಮೂರು ಕಪ್ ಹಾಕುವ ಕಡೆ ಹತ್ತಿರ ಹತ್ತಿರ ನೂರು ಗ್ರಾಂ ಹಿಟ್ಟು ಹೆಚ್ಚಾಯಿತು. ಕೇಕ್ ಗಟ್ಟಿಯಾದರೆ ಆಗ ಬೈಗುಳ ಮಾತ್ರ ಓವನ್ನಿಗೆ!

ನನಗೆ ಚೆನ್ನಾಗಿ ಪರಿಚಯವಿರುವ ಒಂದು ಮನೆಯ ಸಂಗತಿ ಹೇಳುತ್ತೇನೆ. ಸ್ವಲ್ಪ ಉದ್ದ, ಆದರೂ ಕೇಳಿ. ಆ ಮನೆಯ ಅಜ್ಜಿ ಪ್ರತಿ ವರ್ಷ ಒಂದು ಕೇಕ್ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನೋಟ್‌ಬುಕ್ಕಿನಲ್ಲಿ ಅದರ ವಿವರ ಸಿಕ್ಕಿತು. 'ನೀಲಿ ಬಟ್ಟಲಲ್ಲಿ ಹಿಟ್ಟು ಒಂದು. ಸಕ್ಕರೆ ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಬೆಣ್ಣೆ ಕಣ್ಣಿಗೆ ಸರಿ ಕಂಡಷ್ಟು. ಮೊಟ್ಟೆ ನಾಲ್ಕು. ಹದವಾಗಿ ಕಲಸಿ ಬೇಯಿಸುವುದು.' ಇಷ್ಟೇ. ನೀಲಿ ಬಟ್ಟಲು ಯಾವಾಗಲೋ ಒಡೆದುಹೋಗಿತ್ತು.

ಶುರುವಾಯಿತು ವಾದ. ಬಟ್ಟಲು ಎರಡು ಅಂಗೈ ಸೇರಿಸಿದಷ್ಟು ದೊಡ್ಡದಿತ್ತು ಎಂದು ದೊಡ್ಡ ಮಗ. ಇಲ್ಲ, ಅಷ್ಟು ದೊಡ್ಡದಿರಲಿಲ್ಲ, ನಾನೇ ದಿನಾ ತೊಳೆಯುತ್ತಿದ್ದೆ ಎಂದು ಸೊಸೆ. ತೊಳೆದವರ ಮಾತೇ ಸರಿಯಿರಬೇಕು ಎಂದು ನನಗನ್ನಿಸುತ್ತದೆ, ಇರಲಿ. ಒಂದು ಸಲ ಕೇಕ್ ಒಣಗಿ ಪುಡಿಪುಡಿಯಾಯಿತು, ಇನ್ನೊಂದು ಸಲ ನಡುವೆ ಕುಸಿದು ಕೂತಿತು. ಅಜ್ಜಿಯ ಕೈಗುಣ ಅಜ್ಜಿಯ ಜೊತೆಗೇ ಹೋಯಿತು ಎಂದು ಎಲ್ಲರೂ ಕೈಚೆಲ್ಲಿದರು.

ಕೈಚೆಲ್ಲದವಳು ಮೊಮ್ಮಗಳು. ಅವಳು ಆ ಹಾಳೆಯನ್ನು ಇನ್ನೊಂದು ಕಡೆಯಿಂದ ಓದಿದಳು. ಬಟ್ಟಲಿನ ಹಂಗಿಲ್ಲದ ಅಳತೆ ಅದರಲ್ಲಿ ಒಂದೇ ಒಂದಿತ್ತು: ಮೊಟ್ಟೆ ನಾಲ್ಕು. ಸಾಧಾರಣ ಗಾತ್ರದ ಮೊಟ್ಟೆ ಸಿಪ್ಪೆ ಬಿಟ್ಟರೆ 50 ಗ್ರಾಂ ತೂಗುತ್ತದೆ. ನಾಲ್ಕಕ್ಕೆ 200. ಮೊಟ್ಟೆಯ ತೂಕಕ್ಕೆ ಸರಿಯಾಗಿ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಹಿಟ್ಟು ಎಂಬುದು ಪೌಂಡ್ ಕೇಕಿನ ಹಳೆಯ ಲೆಕ್ಕ. ಹಾಗಾದರೆ ಎಲ್ಲವೂ 200 ಗ್ರಾಂ. ಸಕ್ಕರೆ ಹಿಟ್ಟಿಗಿಂತ ಭಾರ, ಒಂದೇ ಬಟ್ಟಲಲ್ಲಿ ಅದು ಕಡಿಮೆ ಜಾಗ ಹಿಡಿಯುತ್ತದೆ. 'ಮುಕ್ಕಾಲಿಗೆ ಸ್ವಲ್ಪ ಕಮ್ಮಿ' ಎಂದು ಅಜ್ಜಿ ಬರೆದದ್ದು ಅದಕ್ಕೆ! ಲೆಕ್ಕ ತಾಳೆಯಾಯಿತು.

ಉಳಿದದ್ದು ಹದ. ಇದನ್ನು ಕೈ ತೋರಿಸಿ ಹೇಳಬೇಕು. ಬೆಣ್ಣೆ ಹದಿನೆಂಟು ಇಪ್ಪತ್ತು ಡಿಗ್ರಿಯಲ್ಲಿರಬೇಕು, ಅಂದರೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಹರಿಯಬಾರದು. ಸಕ್ಕರೆ ಹಾಕಿ ಉಜ್ಜುತ್ತ ಹೋದಂತೆ ಹಳದಿ ಬಣ್ಣ ತಿಳಿಯಾಗಿ ಕೆನೆಯ ಬಣ್ಣಕ್ಕೆ ತಿರುಗುತ್ತದೆ, ಬಟ್ಟಲಲ್ಲಿ ರಾಶಿ ಮೇಲೇಳುತ್ತದೆ. ಅದು ಗಾಳಿ. ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಗಾಳಿಯ ಸಣ್ಣ ಗುಳ್ಳೆಗಳನ್ನು ಕೂರಿಸುತ್ತವೆ, ಓವನ್ನಿನ ಬಿಸಿಗೆ ಕೇಕ್ ಉಬ್ಬುವುದು ಅವುಗಳಿಂದಲೇ. ಬೆಣ್ಣೆ ಕರಗಿತೋ, ಗಾಳಿ ನಿಲ್ಲುವುದಿಲ್ಲ. ಮೊಟ್ಟೆಯನ್ನು ಒಂದೊಂದಾಗಿ ಸೇರಿಸಿ. ಹಿಟ್ಟು ಬಿದ್ದ ಮೇಲೆ ಹೆಚ್ಚು ಕಲಸಬೇಡಿ, ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಬಿಗಿಯಾಗಿ ಕೇಕ್ ಜಗಿಯುವಂತಾಗುತ್ತದೆ. ಮೊಮ್ಮಗಳು ಇಷ್ಟನ್ನೂ ಬರೆದುಕೊಂಡೇ ಮಾಡಿದಳು. ಅಜ್ಜಿಯದೇ ಹಳೆಯ ಟಿನ್ನಿನಲ್ಲಿ ಕೇಕ್ ಅಂಚಿನವರೆಗೆ ಎದ್ದು ನಿಂತಿತು. ಅವಳ ದೊಡ್ಡಪ್ಪ ಒಂದು ಚೂರು ತಿಂದು, ಬಟ್ಟಲಿನ ಮಾತೇ ಎತ್ತದೆ, 'ಇನ್ನೊಂದು ಕೊಡಮ್ಮಾ' ಎಂದರು. ಈಗ ಆ ಮನೆಯಲ್ಲಿ ಆ ಕೇಕ್ ಮಾಡುವವರು ದೊಡ್ಡಪ್ಪನೇ. ತೂಗಿ ಬರೆದದ್ದರಿಂದ ಆದ ಲಾಭ ಇದು.

ಎರಡನೆಯ ಮಾತು. ಹಬ್ಬದ ಅಡುಗೆ ಬೇರೆ, ದಿನದ ಅಡುಗೆ ಬೇರೆ ಎಂದು ನಾವು ಗೋಡೆ ಕಟ್ಟಿಕೊಂಡಿದ್ದೇವೆ. ಬ್ರೆಡ್ಡನ್ನೇ ನೋಡಿ. ದಿನದ ಬ್ರೆಡ್ಡಿಗೆ ಹಿಟ್ಟು 500 ಗ್ರಾಂ, ನೀರು 325, ಉಪ್ಪು 10, ಇನ್‌ಸ್ಟಂಟ್ ಯೀಸ್ಟ್ 5. ಬೇಕರಿಯವರು ಇದನ್ನೇ ಹಿಟ್ಟು ನೂರು ಎಂದಿಟ್ಟುಕೊಂಡು ನೀರು 65, ಉಪ್ಪು 2, ಯೀಸ್ಟ್ 1 ಎನ್ನುತ್ತಾರೆ. ಇಬ್ಬರಿಗಾಗಲಿ ಇಪ್ಪತ್ತು ಜನರಿಗಾಗಲಿ ಲೆಕ್ಕ ಇದೇ. ನಾದಿದ ಹಿಟ್ಟಿನ ಒಂದು ಉಂಡೆ ಚಿವುಟಿ ಎರಡೂ ಕೈಯ ಬೆರಳುಗಳಿಂದ ಮೆಲ್ಲಗೆ ಹಿಗ್ಗಿಸಿ, ಬೆಳಕಿಗೆ ಹಿಡಿಯಿರಿ. ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳುವಾದರೆ ನಾದಿದ್ದು ಸಾಕು. ಹರಿದರೆ ಇನ್ನೂ ಐದು ನಿಮಿಷ ನಾದಿ.

ಹಬ್ಬಕ್ಕೆ? ಅದೇ 500 ಗ್ರಾಂ ಹಿಟ್ಟು. ನೀರಿನ ಬದಲು ಹಾಲು 220 ಗ್ರಾಂ, ಎರಡು ಮೊಟ್ಟೆ, ಸಕ್ಕರೆ 60, ನಾದಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬೆಣ್ಣೆ 75. ಸಕ್ಕರೆ ನೀರನ್ನು ಎಳೆದುಕೊಳ್ಳುವುದರಿಂದ ಯೀಸ್ಟ್ ನಿಧಾನವಾಗುತ್ತದೆ, ಹಾಗಾಗಿ ಯೀಸ್ಟ್ 7 ಗ್ರಾಂ ಮಾಡಿ, ಉಬ್ಬಲು ಹೆಚ್ಚು ಹೊತ್ತು ಬಿಡಿ. ದಿನದ ಬ್ರೆಡ್ಡನ್ನು 220 ಡಿಗ್ರಿಯಲ್ಲಿ ಬೇಯಿಸಿದರೆ ಇದನ್ನು 180ರಲ್ಲಿ ಬೇಯಿಸಿ. ಸಕ್ಕರೆ, ಹಾಲು, ಮೊಟ್ಟೆ ಇರುವ ಹಿಟ್ಟು ಬೇಗ ಕಂದುತ್ತದೆ. ಈ ಕಂದು ಬಣ್ಣ, ಈ ಪರಿಮಳ ಹೇಗೆ ಹುಟ್ಟುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದರು: ಪ್ರೋಟೀನಿನ ಸಣ್ಣ ಘಟಕಗಳಾದ ಅಮೈನೋ ಆಮ್ಲಗಳೂ ಕೆಲವು ಬಗೆಯ ಸಕ್ಕರೆಗಳೂ ಬಿಸಿಗೆ ಕೂಡಿದಾಗ ಆಗುವ ಕ್ರಿಯೆ ಅದು. ವಾರಕ್ಕೊಮ್ಮೆ ಸಾದಾ ಬ್ರೆಡ್ ಮಾಡುವ ಮನೆಯ ಮಗು ಹಬ್ಬದ ಬ್ರೆಡ್ಡಿಗೆ ಹೊಸದಾಗಿ ಕಲಿಯಬೇಕಾದದ್ದು ಬೆಣ್ಣೆ ಸೇರಿಸುವುದೊಂದನ್ನೇ. ವರ್ಷಕ್ಕೊಮ್ಮೆ ಮಾತ್ರ ಓವನ್ ಹೊತ್ತಿಸುವ ಮನೆಯಲ್ಲಿ ಹಬ್ಬವೆಂದರೆ ಪರೀಕ್ಷೆ.

ಮನೆಯವರಿಗಾಗಿ ಬೇಯಿಸುವುದು ಸಣ್ಣ ಕೆಲಸ ಎಂದುಕೊಂಡವರಿಗೆ ಆಲ್‌ಫ್ರೆಡ್ ಬರ್ಡ್ ವಿಷಯ ಹೇಳಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧ ಅಂಗಡಿ ಇಟ್ಟಿದ್ದವರು. ಹೆಂಡತಿ ಎಲಿಜಬೆತ್‌ಗೆ ಮೊಟ್ಟೆಯೂ ಆಗದು, ಯೀಸ್ಟೂ ಆಗದು. 1837ರಲ್ಲಿ ಅವಳಿಗಾಗಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದರು, 1843ರಲ್ಲಿ ಯೀಸ್ಟ್ ಇಲ್ಲದೆ ಬ್ರೆಡ್ ಉಬ್ಬಿಸಲು ಬೇಕಿಂಗ್ ಪೌಡರ್ ಮಾಡಿದರು. ಊಟಕ್ಕೆ ಕೂತವರಲ್ಲಿ ಒಬ್ಬಳಿಗೆ ತಿನ್ನಲಾಗುತ್ತಿಲ್ಲ ಎಂಬ ಸಂಕಟ ಅವರನ್ನು ಅಷ್ಟು ದೂರ ಕರೆದೊಯ್ದಿತು. ಔಷಧ ಅಂಗಡಿಯವರಾದ್ದರಿಂದ ತೂಗುವುದು, ಬರೆದಿಡುವುದು ಅವರ ಕಸುಬೇ ಆಗಿತ್ತು, ಅದನ್ನೂ ಗಮನಿಸಿ! ನಿಮ್ಮ ಮನೆಗೆ ಬರುವವರಲ್ಲಿ ಯಾರಿಗೆ ಏನು ಆಗುವುದಿಲ್ಲ ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ.

ಚೀಟಿ ಬಂತು, ಐದು ನಿಮಿಷ ಎಂದಿದೆ. ಓವನ್ನಿನ ಬಗ್ಗೆ, ಸೂಪಿನ ಬಗ್ಗೆ ಇಟ್ಟುಕೊಂಡಿದ್ದ ಹಾಳೆಗಳನ್ನು ಬಿಡುತ್ತೇನೆ. ಓವನ್ನಿನ ಬಗ್ಗೆ ಒಂದೇ ಮಾತು: ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ, ಒಳಗೆ ಒಂದು ಥರ್ಮಾಮೀಟರ್ ಇಡಿ.

ಹಳೆಯ ಬೇಕಿಂಗ್ ಪೌಡರನ್ನು ಒಂದು ಚಮಚ ಬಿಸಿನೀರಿಗೆ ಹಾಕಿ ನೋಡಿ, ಜೋರಾಗಿ ನೊರೆಯೇಳದಿದ್ದರೆ ಎಸೆಯಿರಿ. ಬೇಕಿಂಗ್ ಸೋಡಾಕ್ಕೆ ಮಾತ್ರ ಹುಳಿ ಬೇಕು, ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡಬೇಡಿ. ಆ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗುತ್ತದೆ, ಹೊರಗಿಟ್ಟಿದ್ದಕ್ಕಿಂತ ಮೊದಲೇ ಬಿರುಸಾಗುತ್ತದೆ. ಎರಡು ದಿನದಲ್ಲಿ ಮುಗಿಯದಷ್ಟಿದ್ದರೆ ಹೋಳು ಮಾಡಿ ಫ್ರೀಜರಿಗೆ ಹಾಕಿ. ಬಿಸ್ಕತ್ತಿನ ಹಿಟ್ಟನ್ನೂ ಉಂಡೆ ಮಾಡಿ ಫ್ರೀಜರಿನಲ್ಲಿಟ್ಟರೆ ಹಬ್ಬದ ಹಿಂದಿನ ರಾತ್ರಿ ಜಾಗರಣೆ ತಪ್ಪುತ್ತದೆ.

ಮಕ್ಕಳಿಗೆ ತೂಗುವ ಕೆಲಸ ಕೊಡಿ. ಅಂಕಿ 200ಕ್ಕೆ ಬಂದು ನಿಲ್ಲುವವರೆಗೆ ಉಸಿರು ಹಿಡಿದು ಸುರಿಯುತ್ತಾರೆ, ನೋಡಲೇ ಚೆಂದ. ಹಸಿ ಹಿಟ್ಟನ್ನು ಮಾತ್ರ ನೆಕ್ಕಲು ಬಿಡಬೇಡಿ. ಅಪಾಯ ಮೊಟ್ಟೆಯಲ್ಲಷ್ಟೇ ಅಲ್ಲ, ಬೇಯಿಸದ ಹಿಟ್ಟಿನಲ್ಲೂ ರೋಗಾಣು ಇರಬಹುದು.

ಕೊನೆಯದಾಗಿ ಉಳಿದ ಅಡುಗೆ. ಮಾತಿನ ಭರದಲ್ಲಿ ಪಾತ್ರೆಗಳು ಮೇಜಿನ ಮೇಲೇ ಇರುತ್ತವೆ. ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಹರವಿ ಫ್ರಿಜ್ಜಿಗೆ ಸೇರಿಸಿ, ಮತ್ತೆ ಬಿಸಿ ಮಾಡುವಾಗ ಒಳಗಿನವರೆಗೂ ಹಬೆಯಾಡಬೇಕು. ಈ ಕೆಲಸ ಅಡುಗೆ ಮಾಡಿದವರದಲ್ಲ. ಉಂಡವರದು.

ಯೀಸ್ಟಿನ ಬಗ್ಗೆ ಆಗಲೇ ಕೈ ಎತ್ತಿದ್ದರಲ್ಲ, ಆ ಹಿಂದಿನ ಸಾಲಿನವರು ಮೊದಲು ಕೇಳಿ.