ಎರಡು ಟ್ರಾನ್ಸಿಸ್ಟರ್, ಒಂದು ತುಂಡು ವೆರೋ ಬೋರ್ಡ್: ಮನೆಯಲ್ಲೇ ಫಜ್ ಪೆಡಲ್

ಎಲ್ಲರಿಗೂ ನಮಸ್ಕಾರ.

ಇವತ್ತು ಗಿಟಾರ್ ನುಡಿಸುವವರೂ ಬಂದಿದ್ದೀರಿ, ಸೋಲ್ಡರಿಂಗ್ ಐರನ್ ಹಿಡಿದು ಪಳಗಿದವರೂ ಬಂದಿದ್ದೀರಿ. ಇಬ್ಬರಿಗೂ ಒಗ್ಗುವ ಕೆಲಸ ಈ ಫಜ್ ಪೆಡಲ್, ಅಂದರೆ ಗಿಟಾರ್ ಸದ್ದನ್ನು ಒರಟು ಮಾಡುವ, ಕಾಲ ಬುಡದಲ್ಲಿ ಇಡುವ ಡಬ್ಬಿ. ನಾನು ಹೇಳಲಿರುವ ಸರ್ಕ್ಯೂಟಿನಲ್ಲಿ ಇರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್). ಅಷ್ಟೇ. ಇಷ್ಟು ಕಡಿಮೆ ಇರುವುದರಿಂದ ಯಾವುದನ್ನು ಬದಲಿಸಿದರೂ ಕಿವಿಗೆ ಗೊತ್ತಾಗುತ್ತದೆ. ಹಾಗಾಗಿ ನಕ್ಷೆ ನೋಡಿ ಸುಮ್ನೆ ಜೋಡಿಸಿ ಡಬ್ಬಿ ಮುಚ್ಚಬೇಡಿ, ಕೇಳುತ್ತಾ ಕಟ್ಟಿ. ನನ್ನ ಮಾತು ಇಷ್ಟೇ.

ಈ ಸದ್ದು ಹುಟ್ಟಿದ್ದು ಕೆಟ್ಟುಹೋದ ಉಪಕರಣದಿಂದ. ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಅವರ, 1961ರಲ್ಲಿ ಬಂದ ಒಂದು ಹಾಡಿನಲ್ಲಿ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಒರಟಾಗಿ, ಹರಿದಂತೆ ಕೇಳಿಸುತ್ತದೆ. ನ್ಯಾಶ್‌ವಿಲ್ ಸ್ಟುಡಿಯೋದ ಮಿಕ್ಸರ್‌ನಲ್ಲಿ ಒಂದು ಚಾನೆಲ್ ಕೈಕೊಟ್ಟಿತ್ತು. ಅಲ್ಲಿನ ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸದ್ದನ್ನು ಟ್ರಾನ್ಸಿಸ್ಟರ್‌ನಿಂದ ಬರಿಸುವ ಸರ್ಕ್ಯೂಟ್ ಮಾಡಿದರು. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ಮ್ಯಾಸ್ಟ್ರೋ ಫಜ್-ಟೋನ್ ಅಂತ ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅದನ್ನು ಬಳಸಿದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಮರುವರ್ಷ ಲಂಡನ್ನಿನ ಆರ್ಬಿಟರ್ ಕಂಪನಿ ಫಜ್ ಫೇಸ್ ತಂದಿತು. ದುಂಡಗಿನ ಡಬ್ಬಿ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲ ಬುಡದಲ್ಲಿ ಇರುತ್ತಿದ್ದದ್ದು ಅದೇ. ನಾವು ಕಟ್ಟುವುದೂ ಅದನ್ನೇ.

ಒಳಗೆ ಆಗುವುದೇನು? ತಂತಿಯ ಅಲೆಯನ್ನು ಮೊದಲ ಟ್ರಾನ್ಸಿಸ್ಟರ್ ದೊಡ್ಡದು ಮಾಡುತ್ತದೆ, ಎರಡನೆಯದು ಇನ್ನೂ ದೊಡ್ಡದು ಮಾಡಲು ಹೋಗುತ್ತದೆ. ಆದರೆ ಇರುವುದು 9 ವೋಲ್ಟ್ ಮಾತ್ರ. ಅದರಾಚೆ ಜಾಗವಿಲ್ಲ. ಗುಡ್ಡದ ತುದಿ ಕಡಿದು ಬಯಲು ಮಾಡಿದ ಹಾಗೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಅಂಚಿನಿಂದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ನಮಗೆ ಬೇಕಾದ ಗುರುಗುಟ್ಟುವಿಕೆ ಅದೇ.

ಮೊದಲು ಬಂದ ಫಜ್ ಫೇಸ್‌ಗಳಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. ಅದರ ಸದ್ದು ಮೃದು, ಆದರೆ ಬಿಸಿಲು ಏರಿದರೆ ಒಳಗೆ ವಿದ್ಯುತ್ ಸೋರುವುದು ಹೆಚ್ಚುತ್ತದೆ, ಸದ್ದು ಬದಲಾಗುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಅದನ್ನು ಸಂಭಾಳಿಸುವುದು ಕಷ್ಟ. ಮೊದಲ ಸಲ ಕಟ್ಟುವವರು ಸಿಲಿಕಾನ್ ಹಿಡಿಯಿರಿ. ಮುಂದೆ ಆರ್ಬಿಟರ್ ಬಳಸಿದ್ದು ಬಿಸಿ108 (BC108) ಅನ್ನುವ ಸಿಲಿಕಾನ್ ಟ್ರಾನ್ಸಿಸ್ಟರ್. ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಸಿ547 (BC547) ಕೇಳಿ, ಕೆಲವೇ ರೂಪಾಯಿಗೆ ಸಿಗುತ್ತದೆ, ಕೆಲಸವೂ ಆಗುತ್ತದೆ. ಮೊದಲ ಜಾಗಕ್ಕೆ ಕಡಿಮೆ ಗೇನ್ (ಅಲೆಯನ್ನು ದೊಡ್ಡದು ಮಾಡುವ ಪ್ರಮಾಣ) ಇರುವ ಎ ಅಕ್ಷರದ್ದು, ಎರಡನೆಯದಕ್ಕೆ ಬಿ ಅಕ್ಷರದ್ದು ಸಾಕು. ಗೇನ್ ಜಾಸ್ತಿ ಇದ್ದಷ್ಟೂ ಸೊಂಯ್ ಅನ್ನುವ ಗದ್ದಲವೂ ಜಾಸ್ತಿ. ಚಪ್ಪಟೆ ಮುಖ ನಿಮ್ಮ ಕಡೆಗಿಟ್ಟು, ಕಾಲು ಕೆಳಗೆ ಮಾಡಿದರೆ ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್.

ಇನ್ನು ಬೋರ್ಡ್, ಅಂದರೆ ಬಿಡಿಭಾಗಗಳನ್ನು ಕೂರಿಸುವ ತೂತಿನ ಹಲಗೆ. ಅಂಗಡಿಯಲ್ಲಿ ಬರೀ ವೆರೋ ಬೋರ್ಡ್ ಅಂದರೆ ಬಿಡಿ ಬಿಡಿ ಚುಕ್ಕೆ ಇರುವುದನ್ನು ಕೊಟ್ಟುಬಿಡಬಹುದು. ಉದ್ದಕ್ಕೂ ತಾಮ್ರದ ಪಟ್ಟಿ ಇರುವುದು ಬೇಕು ಅಂತ ಬಿಡಿಸಿ ಹೇಳಿ. ತೂತಿನಿಂದ ತೂತಿಗೆ 2.54 ಮಿಲಿಮೀಟರ್. ಒಂದು ಪಟ್ಟಿಯ ಮೇಲಿರುವ ಎಲ್ಲವೂ ಒಂದಕ್ಕೊಂದು ಸೇರಿರುತ್ತವೆ. ಅನುಕೂಲವೂ ಅದೇ, ಅಪಾಯವೂ ಅದೇ. ಟ್ರಾನ್ಸಿಸ್ಟರ್‌ನ ಮೂರು ಕಾಲು ಮೂರು ಬೇರೆ ಪಟ್ಟಿಗಳಲ್ಲಿ ಕೂತರೆ ತೊಂದರೆಯಿಲ್ಲ. ರೆಸಿಸ್ಟರ್ ಪಟ್ಟಿಯ ಉದ್ದಕ್ಕೆ ಮಲಗಿತೋ, ಅದರ ಎರಡೂ ಕಾಲು ತಾಮ್ರದಲ್ಲೇ ಸೇರಿಬಿಡುತ್ತವೆ. ಅದು ಇದ್ದೂ ಇಲ್ಲದ ಹಾಗೆ. ಅಲ್ಲಿ ಪಟ್ಟಿಯನ್ನು ಕಡಿಯಬೇಕು.

ಕಡಿಯುವುದು ಕೈಕೆಲಸ. ಡ್ರಿಲ್ ಮಷಿನ್ ಬೇಡ. ಮೂರೂವರೆಯೋ ನಾಲ್ಕೋ ಮಿಲಿಮೀಟರಿನ ಡ್ರಿಲ್ ಬಿಟ್ ಒಂದನ್ನೇ ಬೆರಳಲ್ಲಿ ಹಿಡಿದು ತೂತಿನ ಮೇಲಿಟ್ಟು ನಿಧಾನವಾಗಿ ತಿರುಗಿಸಿ. ತಾಮ್ರ ಸುರುಳಿಯಾಗಿ ಎದ್ದು ಬರುತ್ತದೆ. ಪಟ್ಟಿಯ ಎರಡೂ ಅಂಚು ಹೋಗುವವರೆಗೆ ತಿರುಗಿಸಿ ನಿಲ್ಲಿಸಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ ಅದು ಕಡಿದದ್ದಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಕಡಿದ ಜಾಗದ ಆಚೆ ಈಚೆ ಮುಟ್ಟಿಸಿ. ಸದ್ದು ಬರಬಾರದು. ಪಕ್ಕದ ಪಟ್ಟಿಗೂ ಹೀಗೇ ನೋಡಿ, ಎದ್ದ ಚೂರು ಹೋಗಿ ಅಲ್ಲಿ ಕೂತಿರುತ್ತದೆ.

ಇನ್ನೊಂದು ವಿಷಯ. ನಕ್ಷೆ ಇರುವುದು ಮೇಲಿನಿಂದ ನೋಡಿದಂತೆ, ಕಡಿಯುವುದು ಕೆಳಗಿನಿಂದ. ಬೋರ್ಡ್ ಮಗುಚಿದರೆ ಎಡ ಬಲ ಅದಲು ಬದಲಾಗುತ್ತದೆ. ಮೇಲಿನಿಂದಲೇ ತೂತಿನಲ್ಲಿ ಒಂದು ತಂತಿ ತೂರಿಸಿ, ಅದು ಕೆಳಗೆ ಎಲ್ಲಿ ಬಂತೋ ಅಲ್ಲಿ ಗುರುತು ಹಾಕಿ. ಎಲ್ಲ ಕಡಿದು ಮುಗಿಸಿದ ಮೇಲೆಯೇ ಬೆಸುಗೆ ಶುರು ಮಾಡಿ.

ಯಾವ ಭಾಗ ಎಷ್ಟರದ್ದು ಅಂತ ಬರೆದುಕೊಳ್ಳಿ. ಮೊದಲ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ಗೆ 33 ಕಿಲೋ ಓಮ್. ಎರಡನೆಯದರ ಎಮಿಟರ್‌ನಿಂದ ಮೊದಲನೆಯದರ ಬೇಸ್‌ಗೆ ಹಿಂದಿರುಗುವುದು 100 ಕಿಲೋ. ಎರಡನೆಯ ಕಲೆಕ್ಟರ್‌ಗೆ ಮೂಲದಲ್ಲಿ 8.2 ಕಿಲೋ, ಅದರ ಮೇಲೆ ಬ್ಯಾಟರಿ ಕಡೆಗೆ 470 ಓಮ್. ಇವೆರಡು ಸೇರುವ ಜಾಗದಿಂದ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ಸದ್ದು ಹೊರಗೆ ಹೋಗುತ್ತದೆ. ಒಳಗೆ ಬರುವ ಕಡೆ 2.2 ಮೈಕ್ರೋಫ್ಯಾರಡ್, ಅದರ ಪ್ಲಸ್ ಕಾಲು ಬೇಸ್ ಕಡೆಗಿರಲಿ. ಫಜ್ ಪಾಟ್ 1 ಕಿಲೋ, ಅದರ ನಡುಕಾಲಿನಿಂದ ಗ್ರೌಂಡಿಗೆ 22 ಮೈಕ್ರೋಫ್ಯಾರಡ್. ವಾಲ್ಯೂಮ್ ಪಾಟ್ 500 ಕಿಲೋ.

ಆ 8.2 ಕಿಲೋ ಜಾಗಕ್ಕೆ ಮಾತ್ರ ರೆಸಿಸ್ಟರ್ ಹಾಕಬೇಡಿ. 10 ಕಿಲೋ ಪ್ರೀಸೆಟ್ (ಬೋರ್ಡ್ ಮೇಲೆಯೇ ಕೂರುವ ಚಿಕ್ಕ ಪಾಟ್) ಹಾಕಿ. ಟ್ರಾನ್ಸಿಸ್ಟರ್‌ಗೂ ನೇರ ಬೆಸುಗೆ ಬೇಡ, ಸಾಕೆಟ್ ಇರಲಿ. ಬ್ಯಾಟರಿ ಕೊಟ್ಟು ಎರಡನೆಯ ಕಲೆಕ್ಟರ್‌ನಲ್ಲಿ ವೋಲ್ಟೇಜ್ ನೋಡಿ. ಪ್ರೀಸೆಟ್ ತಿರುಗಿಸಿ 4.5ಕ್ಕೆ ತನ್ನಿ. ಅದು 9ರ ಹತ್ತಿರವೇ ನಿಂತರೆ ಎರಡನೆಯ ಟ್ರಾನ್ಸಿಸ್ಟರ್ ಕೆಲಸ ಮಾಡುತ್ತಿಲ್ಲ, ಕಾಲು ಉಲ್ಟಾ ಆಗಿದೆಯಾ ನೋಡಿ. 4.5 ಬಂದ ಮೇಲೆ ಮೀಟರ್ ಬದಿಗಿಟ್ಟು ಗಿಟಾರ್ ಹಚ್ಚಿ. ಪ್ರೀಸೆಟನ್ನು ಆ ಕಡೆ ಈ ಕಡೆ ಸ್ವಲ್ಪ ಸರಿಸಿ. ಒಂದು ತುದಿಗೆ ಹೋದರೆ ಸ್ವರ ಒಡೆದು ಬೇಗ ಉಡುಗುತ್ತದೆ, ನಡುವೆ ತುಂಬಿಕೊಂಡು ನಿಲ್ಲುತ್ತದೆ. ನಿಮಗೆ ಎಲ್ಲಿ ಹಿಡಿಸಿತೋ ಅಲ್ಲಿ ಬಿಡಿ. ತಗ್ಗು ಸ್ವರ ಕಲಸಿಹೋದರೆ 2.2ರ ಬದಲು 0.1 ಮೈಕ್ರೋಫ್ಯಾರಡ್ ಹಾಕಿ ಕೇಳಿ. ಸದ್ದು ಸಾಲದಿದ್ದರೆ 470 ಓಮನ್ನು 1 ಕಿಲೋ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಗ ಯಾವುದರಿಂದ ಏನಾಯಿತು ಅಂತ ತಿಳಿಯುತ್ತದೆ.

ಹಲವು ಪೆಡಲ್ ಇದ್ದರೆ ಸಾಲಿನಲ್ಲಿ ಈ ಪೆಡಲ್ ಗಿಟಾರ್‌ಗೆ ನೇರವಾಗಿ ಮೊದಲು ಇರಲಿ. ಇದು ಪಿಕಪ್‌ನಿಂದ (ತಂತಿಯ ಕಂಪನವನ್ನು ವಿದ್ಯುತ್ ಮಾಡುವ ಭಾಗ) ಹೆಚ್ಚು ಕರೆಂಟ್ ಎಳೆಯುತ್ತದೆ. ಅದರಿಂದಲೇ ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸದ್ದು ತಿಳಿಯಾಗುತ್ತದೆ. ನಡುವೆ ಬಫರ್, ಅಂದರೆ ಪಿಕಪ್‌ನಿಂದ ಹೆಚ್ಚು ಕರೆಂಟ್ ಎಳೆಯದ ಸರ್ಕ್ಯೂಟ್, ಬಂದರೆ ಈ ಗುಣ ಹೋಗಿಬಿಡುತ್ತದೆ. ಬ್ಯಾಟರಿಯ ಮೈನಸ್ಸನ್ನು ಇನ್‌ಪುಟ್ಟಿನ ಸ್ಟೀರಿಯೋ ಜ್ಯಾಕ್ ಮೂಲಕ ಕೊಟ್ಟರೆ ಕೇಬಲ್ ಕಿತ್ತಾಗ ತಾನೇ ಆಫ್ ಆಗುತ್ತದೆ. ಎಳೆಯುವುದು ಸುಮಾರು 1 ಮಿಲಿಆಂಪ್ ಮಾತ್ರ, ಬ್ಯಾಟರಿ ಬಹಳ ದಿನ ಬರುತ್ತದೆ.

ಬೋರ್ಡ್ ತಂದವರು ಮುಂದೆ ಬನ್ನಿ, ಮೀಟರ್ ಇಲ್ಲೇ ಇದೆ. ಮೊದಲು ಕಡಿದ ಜಾಗಗಳನ್ನು ನೋಡೋಣ.