ಸೀಮಂತಕ್ಕೆ ಜುಮುಕಿ, ಬೆರಳಿಗೆ ಗಮ್

ನಮಸ್ಕಾರ, ಎಲ್ಲರದ್ದೂ ಊಟ ಆಯ್ತಾ? ಮೊದಲೇ ಹೇಳಿಬಿಡುತ್ತೇನೆ, ಈ ವೀಡಿಯೊದಲ್ಲಿ ನನ್ನ ಮುಖ ಹೊಳೆಯುತ್ತಿರುವುದು ಮೇಕಪ್‌ನಿಂದ ಅಲ್ಲ, ಬೆವರಿನಿಂದ. ದಾರದ ಕೆಲಸಕ್ಕೆ ಕೂತರೆ ಫ್ಯಾನ್ ಹಾಕುವ ಹಾಗಿಲ್ಲ. ಹಾಕಿದರೆ ಎಳೆಗಳೆಲ್ಲ ಹಾರಿ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಕಳೆದ ಸಲ ಒಂದು ಇಡೀ ರೀಲು ಹಾಗೇ ಕಸದ ಬುಟ್ಟಿಗೆ ಹೋಯಿತು.

ಅತ್ತಿಗೆಯ ಸೀಮಂತ ಬಂತು. ಸೀರೆ ಬಾಟಲ್ ಗ್ರೀನ್, ಅಂಚು ಮರೂನ್. ಅದಕ್ಕೆ ಹೊಂದುವ ಓಲೆ ಎಲ್ಲೂ ಸಿಗಲಿಲ್ಲವಂತೆ. "ನೀನೇ ದಾರದ ಜುಮುಕಿ, ಬಳೆ ಮಾಡಿಕೊಡು" ಅಂದರು. ನಾನೂ ಜಂಬದಲ್ಲಿ "ಅದೇನು ಮಹಾ ಅತ್ತಿಗೆ, ಎರಡು ಗಂಟೆ ಕೆಲಸ" ಅಂದೆ. ನೀವು ಈಗ ನೋಡುತ್ತಿರುವುದು ಮೂರನೇ ದಿನದ ಶೂಟಿಂಗ್.

ಚಾಪೆ ಮೇಲೆ ಹರಡಿರುವುದೆಲ್ಲ ಮಾಮೂಲ್‌ಪೇಟೆಯಿಂದ ತಂದಿದ್ದು. ತುಮಕೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನನಗೆ ಟಿಕೆಟ್ ದುಡ್ಡಿಲ್ಲ, ಶಕ್ತಿ ಯೋಜನೆ. ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಮೆಟ್ರೋದಲ್ಲಿ ಒಂದೇ ಸ್ಟೇಷನ್. ಅಲ್ಲಿಂದ ನಡೆದುಕೊಂಡು ಹೋದರೆ ಆಯಿತು. ಹೋಗುವುದು ಸುಲಭ, ವಾಪಸ್ ಬರುವಾಗ ಕೈಯಲ್ಲಿ ಎಷ್ಟು ಕವರ್ ಇರುತ್ತವೆ ಅನ್ನುವುದೇ ಪ್ರಶ್ನೆ. ಮಣಿ, ಲೇಸು, ಕುಂದನ್, ಗೊಂಡೆ, ಒಂದು ಅಂಗಡಿ ಮುಗಿಯುವಷ್ಟರಲ್ಲಿ ಇನ್ನೊಂದು. ತಲೆ ಕೆಡುತ್ತದೆ.

ಒಂದು ಸಿಟ್ಟು ಹೇಳಿಕೊಳ್ಳಲೇಬೇಕು. "ಅಣ್ಣಾ, ಓಲೆ ಕೊಕ್ಕೆ ನಾಲ್ಕು ಜೊತೆ ಕೊಡಿ" ಅಂದೆ. "ಬಿಡಿಯಾಗಿ ಕೊಡಲ್ಲಮ್ಮ, ಪ್ಯಾಕೆಟ್ಟೇ ತಗೋಬೇಕು" ಅಂದರು. ಪ್ಯಾಕೆಟ್ಟಿನಲ್ಲಿ 100 ಕೊಕ್ಕೆ. ನನ್ನ ಕಿವಿ ಎರಡು! ಸ್ಟೋನ್ ಚೈನೂ ಅಷ್ಟೇ, ಒಂದು ಗೇಣು ಬೇಕಿತ್ತು, ಇಡೀ ಸುರುಳಿ ಕೊಟ್ಟರು. ಎಲ್ಲ ಸೇರಿ 640 ರೂಪಾಯಿ. ಇಂಥದೇ ಸೆಟ್ ನಮ್ಮ ಬೀದಿಯ ಫ್ಯಾನ್ಸಿ ಸ್ಟೋರ್‌ನಲ್ಲಿ 250ಕ್ಕೆ ಸಿಗುತ್ತದೆ. ಮನೆಯಲ್ಲಿ ಮಾಡಿದರೆ ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಪ್ಪತ್ತು ಸೆಟ್ ಮಾಡುವವರಿಗೆ ಅಗ್ಗ. ಒಂದು ಸೆಟ್ ಮಾಡುವವರಿಗೆ ಇದು ಶೋಕಿ.

ಈ ಶಾಟ್‌ನಲ್ಲಿ ಬೆಂಕಿ ಕಡ್ಡಿ ಗೀರುತ್ತಿದ್ದೇನೆ, ಗಾಬರಿ ಆಗಬೇಡಿ. ರೀಲಿನ ಮೇಲೆ ರೇಷ್ಮೆ ಅಂತ ಬರೆದಿದೆ. ನಿಜವಾಗಲೂ ರೇಷ್ಮೆಯಾ ನೋಡೋಣ ಅಂತ ಒಂದೆಳೆ ಸುಟ್ಟೆ. ಪಕ್ಕದಲ್ಲಿರುವುದು ಅಮ್ಮನ ಹಳೇ ಮದುವೆ ಸೀರೆಯ ಕುಚ್ಚಿನಿಂದ ಉದುರಿದ ಎಳೆ. ಅಮ್ಮನದ್ದು ಸುಟ್ಟಾಗ ಕೂದಲು ಸುಟ್ಟ ವಾಸನೆ. ರೇಷ್ಮೆ ಅಂದರೆ ಹುಳದ ಬಾಯಿಂದ ಬಂದ ಪ್ರೋಟೀನು, ಕೂದಲೂ ಪ್ರೋಟೀನು, ಅದಕ್ಕೆ. ಉರಿ ತೆಗೆದ ತಕ್ಷಣ ಆರಿಹೋಗಿ ಕರೀ ಹರಳು ಉಳಿಯಿತು, ಬೆರಳಲ್ಲಿ ಒತ್ತಿದರೆ ಪುಡಿ. ನನ್ನ ರೀಲಿನದ್ದು ಸರ್ರನೆ ಉರಿದು, ಕಾಗದ ಸುಟ್ಟ ವಾಸನೆ ಕೊಟ್ಟು, ಬೂದಿಯಾಯಿತು. ಅಂದರೆ ರೇಯಾನ್, ಮರದ ತಿರುಳಿನ ದಾರ. ಏಷ್ಯಾದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ನಮ್ಮ ರಾಮನಗರದಲ್ಲಿದೆ, ಅಷ್ಟು ಹತ್ತಿರ ಕೂತು ನಾವು ಕಾಗದದ ದಾರಕ್ಕೆ ರೇಷ್ಮೆ ಅಂತ ಕರೆಯುತ್ತೇವೆ. ಮೋಸ ಅಲ್ವಾ?

ಅಂತ ಶೂಟ್ ಮಾಡುವಾಗ ಕೂಗಾಡಿದ್ದೆ. ಈಗ ಕೂತು ವಾಯ್ಸ್ ಕೊಡುವಾಗ ಅನಿಸುತ್ತಿದೆ, ಆ ಬೆಲೆಗೆ ಅಸಲಿ ರೇಷ್ಮೆ ಯಾರು ಕೊಡುತ್ತಾರೆ? ರೇಯಾನ್ ಹೊಳಪೂ ಜಾಸ್ತಿ, ಬಣ್ಣಗಳೂ ಲೆಕ್ಕವಿಲ್ಲದಷ್ಟು. ಹೋಗಲಿ ಬಿಡಿ.

ಬಳೆಗೆ ಬಂದೆ. ಸುತ್ತುವುದು ಕಾಣುತ್ತಿದೆ, ಅದನ್ನು ವಿವರಿಸಲ್ಲ. 25 ಎಳೆ ಒಟ್ಟಿಗೆ ಹಿಡಿದಿದ್ದೇನೆ, ಅಷ್ಟೇ. ಎಳೆಗಳು ಚಪ್ಪಟೆಯಾಗಿ ರಿಬ್ಬನ್ನಿನ ಥರ ಕೂರಬೇಕು, ಒಂದು ಸಲ ಹುರಿ ಬಿದ್ದರೆ ಅಲ್ಲಿ ಗಾಯದ ಗುರುತಿನ ಹಾಗೆ ಗೆರೆ ಏಳುತ್ತದೆ. ಅಳತೆಯ ಬಗ್ಗೆ ಮಾತ್ರ ಎರಡು ಮಾತು. 2.4, 2.6, 2.8 ಅಂತ ಬಳೆ ಅಳತೆ ಹೇಳುತ್ತೇವಲ್ಲ, ಅದು ದಶಮಾಂಶ ಅಲ್ಲ. 2.8 ಅಂದರೆ ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ಎಂಟು ಭಾಗ. ಅಂದರೆ ಎರಡೂವರೆ ಇಂಚು. ಹಾಗಾಗಿ 2.10 ಅನ್ನುವುದು 2.8ಕ್ಕಿಂತ ದೊಡ್ಡದು. ನಮ್ಮಜ್ಜಿಗೆ ಇದು ತಟ್ಟನೆ ಗೊತ್ತು, ರೂಪಾಯಿಗೆ ಹದಿನಾರು ಆಣೆ ಎಣಿಸಿದವರು. ಕಣ್ಣು ಹಾಕಬೇಕಾದ್ದು ಮಣಿಕಟ್ಟಿಗಲ್ಲ, ಬೆರಳ ಗಿಣ್ಣಿಗೆ. ಅಲ್ಲಿ ದಾಟಿದರೆ ಮುಂದೆ ದಾರಿ ಸಲೀಸು. ಅತ್ತಿಗೆಯದ್ದು 2.8. ಯುಗಾದಿಗೆ ಗಾಜಿನ ಬಳೆ ತೊಡಿಸಿದ್ದು ನಾನೇ, ನೆನಪಿದೆ.

ಅಜ್ಜಿ ಫ್ರೇಮಿನೊಳಗೆ ಬಂದರು ನೋಡಿ. ಒಂದು ಬಳೆ ಎತ್ತಿ ಅಲ್ಲಾಡಿಸಿದರು. "ಇದೇನೇ ಇದು, ಸದ್ದೇ ಮಾಡಲ್ಲ? ಸದ್ದಿಲ್ಲದ ಬಳೆ ಬಸುರಿ ಕೈಗೆ ತೊಡಿಸ್ತಾರಾ?" ಅವರ ಪ್ರಕಾರ ಹೊಟ್ಟೆಯೊಳಗಿನ ಮಗುವಿಗೆ ಅಮ್ಮನ ಬಳೆ ಸದ್ದು ಕೇಳಬೇಕು. ನಾನು ವಾದ ಮಾಡಲಿಲ್ಲ. ದಾರದ ಬಳೆ ಆಚೆಗೊಂದು ಈಚೆಗೊಂದು, ನಡುವೆ ಡಜನ್ ಹಸಿರು ಗಾಜಿನ ಬಳೆ ಅಂತ ರಾಜಿಯಾಯಿತು. ನಿಜ ಹೇಳಬೇಕೆಂದರೆ ಹಾಗೇ ಚೆನ್ನಾಗಿ ಕಾಣುತ್ತದೆ, ಅಜ್ಜಿ ಮುಂದೆ ಮಾತ್ರ ಹೇಳಬೇಡಿ.

ಸರಿ, ಈಗ ಆ ಭಾಗ. ನನ್ನ ಬಾಯಿ ಆಡುತ್ತಿದೆ, ಸೌಂಡ್ ಇಲ್ಲ. ಬೈಯುತ್ತಿದ್ದೆ, ತೆಗೆದುಹಾಕಿದ್ದೇನೆ.

ಜುಮುಕಿಯ ಬಟ್ಟಲಿಗೆ ದಾರ ಸುತ್ತಿ ಆಗಿತ್ತು. ಅಂಚಿಗೆ ಸ್ಟೋನ್ ಚೈನ್ ಅಂಟಿಸುವುದಷ್ಟೇ ಬಾಕಿ. ಬಟ್ಟೆಗೆ ಹಾಕುವ ಗಮ್‌ನಲ್ಲಿ ಅಂಟಿಸಿದರೆ ಗಟ್ಟಿಯಾಗುವವರೆಗೆ ಹಿಡಿದುಕೊಂಡು ಕೂರಬೇಕು. ಆಗ ನನಗೆ ಐದು ರೂಪಾಯಿಯ ಆ ಪುಟ್ಟ ಟ್ಯೂಬ್ ನೆನಪಾಯಿತು, ಸೆಕೆಂಡಿನಲ್ಲಿ ಹಿಡಿಯುತ್ತಲ್ಲ, ಅದು. ಮೂತಿ ಕಟ್ಟಿಕೊಂಡಿತ್ತು. ಸೂಜಿ ಚುಚ್ಚಿದೆ, ಬರಲಿಲ್ಲ. ಒತ್ತಿದೆ, ಬರಲಿಲ್ಲ. ಇನ್ನೊಂಚೂರು ಒತ್ತಿದೆ. ಟ್ಯೂಬಿನ ಬಾಲ ಬಿರಿದು ಎಲ್ಲವೂ ಒಟ್ಟಿಗೆ ಆಚೆ ಬಂತು. ಹೆಬ್ಬೆರಳು, ತೋರುಬೆರಳು, ನಡುವೆ ಜುಮುಕಿ, ಮೂರೂ ಒಂದೇ ಮೈ. ಹಸಿರು ದಾರ ಕಣ್ಣೆದುರೇ ಕಪ್ಪಾಗಿ ತಂತಿಯಷ್ಟು ಬಿರುಸಾಯಿತು.

ನಾನು ಮಾಡಿದ ಮೊದಲ ದಡ್ಡತನ, ಹತ್ತಿ ತೆಗೆದುಕೊಂಡು ಒರೆಸಿದ್ದು. ಕೈ ಸುರ್ ಅಂತು. ಹತ್ತಿಯಿಂದ ಸಣ್ಣಗೆ ಹೊಗೆ! ಆ ಗಮ್‌ಗೂ ಹತ್ತಿಗೂ ಆಗಿಬರುವುದಿಲ್ಲ, ಎರಡೂ ಸೇರಿದರೆ ಸುಡುವಷ್ಟು ಬಿಸಿಯಾಗುತ್ತದೆ. ಹತ್ತಿ ಬಟ್ಟೆ ಮೇಲೆ ಚೆಲ್ಲಿದರೂ ಅದೇ ಕಥೆ, ಮಕ್ಕಳಿರುವ ಮನೆಯಲ್ಲಿ ಹುಷಾರು. ನೈಟಿ ಮೇಲೆ ಬಿದ್ದಿದ್ದರೆ ಏನು ಗತಿ ಅಂತ ಈಗಲೂ ಯೋಚಿಸುತ್ತೇನೆ.

ಎಡಗೈಯಲ್ಲಿ ಫೋನ್ ಹಿಡಿದು ಹುಡುಕಿದೆ. ಏನು ಮಾಡಬೇಕು ಅನ್ನುವುದು ಬಿಟ್ಟು ಇದರ ಚರಿತ್ರೆ ಓದುತ್ತಾ ಕೂತೆ. 1942ರಲ್ಲಿ ಅಮೆರಿಕದಲ್ಲಿ ಹ್ಯಾರಿ ಕೂವರ್ ಅನ್ನುವವರು ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರಂತೆ. ಇದು ಸಿಕ್ಕಿದೆ, ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಅಂತ ಬದಿಗಿಟ್ಟಿದ್ದಾರೆ. ಅಂಟು ಅಂತಲೇ ಮಾರಲು ಶುರುವಾಗಿದ್ದು 1958ರಲ್ಲಿ. ಗಾಳಿಯಲ್ಲಿರುವ ತೇವ ಸಾಕಂತೆ ಇದು ಗಟ್ಟಿಯಾಗಲು. ಫ್ಯಾನ್ ಆಫ್ ಮಾಡಿಕೊಂಡು ಬೆವರಿದ ನನ್ನ ಬೆರಳಿಗಿಂತ ಒಳ್ಳೆಯ ಜಾಗ ಅದಕ್ಕೆ ಎಲ್ಲಿ ಸಿಗಬೇಕು?

ಅಮ್ಮ ನೇಲ್ ಪಾಲಿಶ್ ರಿಮೂವರ್ ತಂದರು. ಅದರಲ್ಲಿರುವ ಅಸಿಟೋನ್ ಈ ಗಮ್ ಕರಗಿಸುತ್ತದೆ, ನಿಜ. ಬೆರಳು ಬಿಡುತ್ತಾ ಬಂತು, ನಾನು ಖುಷಿಯಲ್ಲಿ ಕ್ಯಾಮೆರಾಕ್ಕೆ ಕೈ ಬೀಸಿದ್ದೂ ಇದೆ. ಆದರೆ ಜುಮುಕಿಯ ಬಟ್ಟಲು ಪ್ಲಾಸ್ಟಿಕ್. ಅಸಿಟೋನ್‌ಗೆ ಅದೂ ಕರಗಿತು. ಹತ್ತಿರದಿಂದ ತೋರಿಸುತ್ತೇನೆ ನೋಡಿ, ಅಂಚು ಬೆಂದ ಗೆಣಸಿನ ಹಾಗೆ ಮೆತ್ತಗಾಗಿ, ಮೇಲೆ ನನ್ನ ಹೆಬ್ಬೆರಳ ಗೆರೆಗಳು ಅಚ್ಚಾಗಿ ಕೂತಿವೆ. ಆಧಾರ್‌ಗೆ ಕೊಡುವಾಗ ಇಷ್ಟು ಚೆನ್ನಾಗಿ ಬಿದ್ದಿರಲಿಲ್ಲ. ಚರ್ಮಕ್ಕೆ ಅಂಟಿದರೆ ಉಗುರು ಬೆಚ್ಚಗಿನ ಸೋಪು ನೀರಲ್ಲಿ ಕೈ ನೆನೆಸಿ, ನಿಧಾನಕ್ಕೆ ಬಿಡಿಸಿ. ಎಳೆಯಬೇಡಿ.

ಮುಗಿಯಲಿಲ್ಲ ಇನ್ನೂ. ಇನ್ನೊಂದು ಜುಮುಕಿಗೆ ಅದೇ ಗಮ್‌ನಲ್ಲಿ, ಟ್ಯೂಬ್ ಬಿರಿಯುವ ಮೊದಲೇ, ಕಲ್ಲು ಅಂಟಿಸಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಬೆಳಗ್ಗೆ ತೆಗೆದರೆ ಕಲ್ಲುಗಳ ಮೇಲೆಲ್ಲ ಬಿಳಿ ಪೊರೆ, ವಿಭೂತಿ ಬಳಿದ ಹಾಗೆ. ಗಮ್‌ನ ಆವಿ ಒಳಗೇ ಸುತ್ತಾಡಿ ಹೊಳೆಯುವ ಜಾಗದಲ್ಲೆಲ್ಲ ಕೂತಿದೆ. ಗಾಳಿಯಾಡುವ ಕಡೆ ಇಡಬೇಕಿತ್ತು. ಆ ಟ್ಯೂಬನ್ನು ಇನ್ನು ಮನೆಯೊಳಗೆ ಬಿಟ್ಟುಕೊಳ್ಳಲ್ಲ ಅಂತ ಅಮ್ಮನ ಮುಂದೆ ಆಣೆ ಮಾಡಿದ್ದೇನೆ.

ಎರಡನೇ ಸಲದ ಜುಮುಕಿ ಬೇಗ ಆಯಿತು, ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ. ಕೆಳಗೆ ತೂಗುತ್ತಿರುವ ಮರೂನ್ ಮಣಿ ಚನ್ನಪಟ್ಟಣದ್ದು. ಆಲೆ ಮರ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಶಾಖಕ್ಕೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಹಗುರ, ಅದೇ ನನಗಿಷ್ಟ. ಆದರೆ ಅರಗಲ್ಲವೇ, ಸ್ಪಿರಿಟ್ ತಾಗಿದರೆ ಬಣ್ಣ ಬಿಡುತ್ತದೆ. ಸ್ಯಾನಿಟೈಸರ್ ಕೈಯಲ್ಲಿ ಮುಟ್ಟಬೇಡಿ.

ಕೊನೆಗೆ ಕೊಕ್ಕೆ. ಎಲ್ಲರೂ ದಾರದ ಬಣ್ಣ, ಕಲ್ಲು ನೋಡುತ್ತಾರೆ, ಕಿವಿಯೊಳಗೆ ಹೋಗುವುದು ಇದೊಂದೇ. ಅಗ್ಗದ ಕೊಕ್ಕೆಯಲ್ಲಿ ಚಿನ್ನದ ಬಣ್ಣದ ಕೆಳಗೆ ಹೆಚ್ಚಾಗಿ ನಿಕ್ಕಲ್ ಇರುತ್ತದೆ. ಬೆವರಿಗೆ ಅದು ಬಿಡುತ್ತದೆ, ಆಗದವರಿಗೆ ತುರಿಕೆ, ಕೆಂಪು, ಆಮೇಲೆ ನೀರಾಡುವುದು. ಹೈಸ್ಕೂಲಿನಲ್ಲಿ ನನ್ನ ಕಿವಿ ಪೂರ್ತಿ ಮಳೆಗಾಲ ಹಾಗೇ ಇತ್ತು. ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದರೆ ಸ್ವಲ್ಪ ದಿನ ತಡೆಯುತ್ತದೆ, ಸವೆದ ಮೇಲೆ ಮತ್ತೆ ಅದೇ. ಆ 100 ಕೊಕ್ಕೆಯ ಪ್ಯಾಕೆಟ್ ಹಾಗೇ ಇದೆ, ಅತ್ತಿಗೆಯ ಓಲೆಗೆ ಬೆಳ್ಳಿ ಕೊಕ್ಕೆ ಹಾಕಿಸಿದೆ. ಶುರುವಿನಲ್ಲಿ ಹೇಳಿದ 640ಕ್ಕೆ ಅದು ಸೇರಿಲ್ಲ. ಅಣ್ಣನ ಹತ್ತಿರ ವಸೂಲಿ ಮಾಡುತ್ತೇನೆ.

ಒಂದು ಕಲ್ಲು ಈಗ ತಾನೇ ಉದುರಿತು. ಹೂಂ, ಕೈಯಲ್ಲಿ ಏನಿದೆ ಅಂತ ಕೇಳಬೇಡಿ. ಅದೇ ಟ್ಯೂಬ್, ಹೊಸದು. ಒಂದೇ ಒಂದು ಚುಕ್ಕೆ, ಕಡ್ಡಿ ತುದಿಯಲ್ಲಿ. ಅಮ್ಮ ಅಡುಗೆಮನೆಯಲ್ಲಿದ್ದಾರೆ.

ಇದು ಕೊನೆಯ ಶಾಟ್, ವೀಡಿಯೊ ಕಾಲ್‌ನದ್ದು. ಬಳೆ, ಜುಮುಕಿ ಅಣ್ಣನ ಕೈಲಿ ಕಳಿಸಿದ್ದೆ. ಅತ್ತಿಗೆ ಓಲೆ ಹಾಕಿಕೊಂಡು ಆಚೆ ಈಚೆ ತಲೆ ಅಲ್ಲಾಡಿಸುತ್ತಿದ್ದಾರೆ, ಚೆನ್ನಾಗಿದೆ ಅಲ್ವಾ? ಆಮೇಲೆ ಬಳೆ. ಗಿಣ್ಣಿನ ಹತ್ತಿರ ನಿಂತಿತು. ಸೋಪು ಹಚ್ಚಿದರೂ ಇಲ್ಲ. ಯುಗಾದಿಯ ಕೈ ಅಲ್ಲ ಅದು, ಏಳನೇ ತಿಂಗಳು, ಬೆರಳೆಲ್ಲ ಊದಿಕೊಂಡಿವೆ. ಸಾಲದ್ದಕ್ಕೆ ದಾರ ಸುತ್ತಿದರೆ ಬಳೆಯ ಒಳಗಿನ ಅಳತೆಯೂ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನೂ ನಾನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಹಿಂದಿನಿಂದ ಅಜ್ಜಿಯ ದನಿ ಕೇಳಿಸುತ್ತಿದೆಯಲ್ಲ, "ಎರಡೂ ಹತ್ತು ತಗೊಳ್ಳೇ ಅಂತ ನಾನು ಹೇಳಲಿಲ್ವಾ?" ಹೇಳಿರಲಿಲ್ಲ. ಆದರೆ ಯಾರು ವಾದ ಮಾಡುತ್ತಾರೆ.

ಸೀಮಂತ ನಾಳಿದ್ದು. 2.10ರ ಖಾಲಿ ಬಳೆ ನಾಲ್ಕು ತಂದಿದ್ದೇನೆ, ಹಸಿರು ರೀಲು ಅರ್ಧ ಉಳಿದಿದೆ. ಬ್ಯಾಟರಿ ಕೆಂಪು ತೋರಿಸುತ್ತಿದೆ. ಫ್ಯಾನ್ ಆಫ್ ಮಾಡಿ ಬರುತ್ತೇನೆ.